ಇನ್ನೂರ ಹದಿನಾಲ್ಕನೆಯವನು

ವಿಲ್ಕರಾ ಅರವತ್ತು ಕಿಲೋಮೀಟರು ಎಂದು ಬರೆದಿದ್ದ ತಗಡಿನ ಫಲಕ, ಹೋಗಿಬರುವವರ ಬಂದೂಕಿಗೆ ಗುರಿಯಾಗಿ ಜರಡಿಯಂತಾಗಿದ್ದದ್ದು, ಕಣ್ಣಿಗೆ ಬಿದ್ದ ಕೂಡಲೇ ಕ್ಲೈವ್ ಟ್ರೆಜೋನಾನಿಗೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸಿತು. ಅರ್ಧ ಗಂಟೆಯ ಹಿಂದಷ್ಟೇ ಹೋಗಿ ಬಂದಿದ್ದ. ಎಪ್ಪತ್ತೆರಡು ವರ್ಷದ ಗಂಡಸು ಬಯಲಿನಲ್ಲಿ ವ್ಯಾನು ನಿಲ್ಲಿಸಿ ಇಳಿದರೆ ಲೋಕದಲ್ಲಿ ಯಾರೂ ಕಾರಣ ಕೇಳುವುದಿಲ್ಲ, ಹೆಂಡತಿಯೊಬ್ಬಳನ್ನು ಬಿಟ್ಟು.

"ಬೆಳಗ್ಗಿಂದ ಇದು ಆರನೇ ಸಲ," ಎಂದಳು ಗ್ವೆಂಡಾ, ಮಡಿಲಲ್ಲಿದ್ದ ನಕ್ಷೆಯಿಂದ ತಲೆಯೆತ್ತದೆ. "ಹೀಗೇ ಆದ್ರೆ ಈ ಮರಳುಗಾಡು ಹಸಿರಾಗುತ್ತೆ ನೋಡು ಮಾರಾಯ. ಸರ್ಕಾರದವರು ನಿನಗೊಂದು ಪದಕ ಕೊಡಬೇಕು."

ಅವನು ಉಪ್ಪುಗಿಡದ ಪೊದೆಯೊಂದರ ಮುಂದೆ ನಿಂತ. ಏನೂ ಬರಲಿಲ್ಲ. ಕೆಂಪು ನೆಲ, ಅದರ ಮೇಲೆ ನೊಣ, ನೊಣದ ಮೇಲೆ ಆಕಾಶ, ಅಷ್ಟೇ. ಅಷ್ಟರಲ್ಲಿ ಮೂರು ಗಾಡಿಗಳಷ್ಟುದ್ದದ ಲಾರಿಯೊಂದು ಎದುರಿನಿಂದ ಬಂದು, ಅದರ ಚಾಲಕ ಈ ಕಡೆಯ ರಸ್ತೆಗಳಲ್ಲಿ ಎಲ್ಲರೂ ಎಲ್ಲರಿಗೂ ಮಾಡುವಂತೆ ಸ್ಟೀರಿಂಗಿನಿಂದ ಒಂದು ಬೆರಳು ಎತ್ತಿ ವಂದಿಸಿದ. ಕ್ಲೈವನ ಎರಡೂ ಕೈಗಳಿಗೆ ಆಗ ಬೇರೆ ಕೆಲಸವಿತ್ತು. ಲಾರಿ ಧೂಳೆಬ್ಬಿಸಿ ಹೋದ ಮೇಲೂ ಅವನು ಅಲ್ಲೇ ನಿಂತು, ವಂದನೆಗೆ ಪ್ರತಿವಂದನೆ ಕೊಡದ ಮನುಷ್ಯ ಎಂದು ಆ ಚಾಲಕ ತನ್ನನ್ನು ಇನ್ನೂರು ಮೈಲಿಯವರೆಗೆ ನೆನೆಯುತ್ತಾನಲ್ಲ, ಮುಂದಿನ ಪೆಟ್ರೋಲ್ ಬಂಕಿನಲ್ಲಿ ಯಾರಿಗಾದರೂ ಹೇಳುತ್ತಾನಲ್ಲ ಎಂದು ಕೊರಗಿದ. ಯಾರಾದರೂ ಕರೆದಾಗ ಓಗೊಡದೇ ಹೋಗುವುದು ತನ್ನ ಹಣೆಬರಹವೇ ಇರಬೇಕು. ಕರೆದದ್ದು ಕೇಳಿಸುತ್ತದೆ, ಬಾಯಿ ಬರುವುದಿಲ್ಲ, ಸ್ವಲ್ಪ ಹೊತ್ತು ಕಳೆದರೆ ಆಮೇಲೆ ಓಗೊಡುವುದೇ ಅಸಭ್ಯವೆನಿಸುತ್ತದೆ, ಹಾಗೇ ಐವತ್ತಮೂರು ವರ್ಷ ಕಳೆದುಹೋಗುತ್ತದೆ.

ಈ ಮೂರು ವಾರದ ಪ್ರವಾಸ ಗ್ವೆಂಡಾಳ ಆಸೆ. ಹಳೆಯ ರಾಕೆಟ್ಟನ್ನು ಉದ್ಯಾನದಲ್ಲಿ ನಿಲ್ಲಿಸಿಕೊಂಡಿರುವ ಊರು, ಸೈನ್ಯ ಬಿಟ್ಟುಹೋದ ವಿಮಾನಪಟ್ಟಿಯಲ್ಲಿ ಕುರಿ ಮೇಯುವ ಊರು, ಗಣಿ ಸತ್ತರೂ ಸಾಯಲು ಮರೆತ ಊರು, ಇಂಥವನ್ನೆಲ್ಲ ಒಂದೊಂದಾಗಿ ನೋಡಿ ಅಲ್ಲಿನ ಪ್ರತಿ ಫಲಕವನ್ನೂ ಗಟ್ಟಿಯಾಗಿ ಓದಿ ಗಂಡನಿಗೆ ಕೇಳಿಸುವುದು ಅವಳ ಸುಖ. ನಲವತ್ತು ವರ್ಷ ಹೆಂಗಸರ ತಲೆಗೂದಲು ಕತ್ತರಿಸಿದವಳು. ಅವಳ ಬಾಯಿ ಕತ್ತರಿಯ ಜೊತೆಗೇ ಆಡಿ ಅಭ್ಯಾಸ. ಪಟ್ಟಿಯಲ್ಲಿ ವಿಲ್ಕರಾ ಮಾತ್ರ ಕ್ಲೈವ್ ಸೇರಿಸಿದ್ದು. ನಕ್ಷೆಯ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದು, "ಅಲ್ಲಿ ರಾಕೆಟ್ಟೂ ಇದೆ, ತಾಮ್ರದ ಗಣಿಯೂ ಇದೆ, ಒಂದೇ ಕಲ್ಲಿಗೆ ಎರಡು ಹಕ್ಕಿ," ಎಂದಿದ್ದ. ಅವನಿಗೆ ಅಲ್ಲಿ ಇದ್ದ ಕೆಲಸ ಐದು ಸೆಕೆಂಡಿನದು. ಒಂದು ಹಲಗೆ, ಎರಡು ಮೊಳೆ. ಎಡಗಡೆಯ ಮೊಳೆಯಲ್ಲಿರುವ ಹಿತ್ತಾಳೆ ಬಿಲ್ಲೆ ತೆಗೆದು ಬಲಗಡೆಯದಕ್ಕೆ ಹಾಕುವುದು, ಹೊರಟುಬರುವುದು. ಮನೆಯ ಹಿತ್ತಲ ಶೆಡ್ಡಿನ ಗೋಡೆಗೆ ಎರಡು ಮೊಳೆ ಹೊಡೆದು ವ್ಯಾನಿನ ಬೀಗದಕೈಯಿಂದ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದ. ಮೊದಮೊದಲು ಆರು ಸೆಕೆಂಡು ಹಿಡಿಯುತ್ತಿತ್ತು.

"ಸುಳ್ಳು ನಿಲುಗಡೆ ಸಾಕು, ಬಾ ಹತ್ತು," ಎಂದಳು ಗ್ವೆಂಡಾ. ಸುಳ್ಳು ಎಂದಳಲ್ಲ! ಆಮೇಲೆ, ಮೂತ್ರದ ಮಾತು ಎಂದು ಅವನಿಗೆ ಹೊಳೆಯಿತು.

ಬಯಲು ಬದಲಾಗಿರಲಿಲ್ಲ. ಬದಲಾಗಲು ಅದರಲ್ಲಿ ಏನಾದರೂ ಇರಬೇಕಲ್ಲ. ಅನಾಥಾಲಯದಿಂದ ಹದಿನೆಂಟಕ್ಕೆ ಹೊರಬಿದ್ದ ಕ್ಲೈವ್ ಇಲ್ಲಿ ತಾಮ್ರ ಅಗೆಯಲು ಬಂದಾಗಲೂ ಹೀಗೇ ಇತ್ತು. ಗಣಿಯ ಪಕ್ಕದಲ್ಲೇ ಸೈನ್ಯದ ರಾಕೆಟ್ ಮೈದಾನ. ಹಾರಿಸುವ ದಿನ ರಾಕೆಟ್ಟಿನ ತುಂಡುಗಳು ಎಲ್ಲಿ ಬೀಳುತ್ತವೆಂಬುದು ರಾಕೆಟ್ಟಿಗೂ ಗೊತ್ತಿರುತ್ತಿರಲಿಲ್ಲವಾದ್ದರಿಂದ, ಇಡೀ ಊರು ಗಣಿಯೊಳಗೆ ಇಳಿದು ಕೂರಬೇಕೆಂದು ಕಟ್ಟಳೆ. ಇಳಿಯುವವರೆಲ್ಲ ತಮ್ಮ ನಂಬರಿನ ಬಿಲ್ಲೆಯನ್ನು ಹಲಗೆಯ 'ಕೆಳಗೆ' ಬದಿಯ ಮೊಳೆಗೆ ಹಾಕಿ ಹೋಗುವುದು, ಬಂದ ಮೇಲೆ 'ಮೇಲೆ' ಬದಿಗೆ ತಿರುಗಿಸುವುದು. ಸೈನ್ಯದ ಅಧಿಕಾರಿ ಮನುಷ್ಯರನ್ನು ನೋಡುತ್ತಿರಲಿಲ್ಲ, ಹಲಗೆಯನ್ನು ನೋಡುತ್ತಿದ್ದ. ಇನ್ನೂರ ಮೂವತ್ತೊಂದು ಬಿಲ್ಲೆ 'ಕೆಳಗೆ' ಇದ್ದರೆ ಊರು ಖಾಲಿ. ಫೋನು ಎತ್ತಿ, ಹಾರಿಸಿ ಎನ್ನುತ್ತಿದ್ದ. ಊರಾಚೆಯ ದಿಣ್ಣೆಯಲ್ಲಿ ಈ ನೆಲದ ಮೂಲದ ಹತ್ತಿಪ್ಪತ್ತು ಮಂದಿ ಬೆಂಕಿ ಹಾಕಿಕೊಂಡು ಕೂತಿರುತ್ತಿದ್ದರು. ಅವರಿಗೆ ಬಿಲ್ಲೆ ಕೊಟ್ಟಿರಲಿಲ್ಲ, ಆದ್ದರಿಂದ ಅವರು ಕೆಳಗೂ ಇರಲಿಲ್ಲ, ಮೇಲೂ ಇರಲಿಲ್ಲ. ಆ ಗುರುವಾರ ಕ್ಲೈವ್ ತನ್ನ ಬಿಲ್ಲೆಯನ್ನು ಸರಿಯಾಗಿಯೇ 'ಕೆಳಗೆ' ಹಾಕಿ, ಸಾಲಿನಿಂದ ಮೆಲ್ಲಗೆ ಜಾರಿ, ನೀರಿನ ಟ್ಯಾಂಕಿನ ಹಿಂದೆ ಅಡಗಿ ಕೂತಿದ್ದ. ಒಂದು ಸಲ ನೋಡಬೇಕೆನಿಸಿತ್ತು, ಅಷ್ಟೇ. ಅಷ್ಟು ದೊಡ್ಡದು ಹಾರುವಾಗ ಎಲ್ಲರೂ ನೆಲದೊಳಗೆ ಕೂತು ಸ್ಕೋನ್ ಬನ್ನು ತಿನ್ನುತ್ತಿದ್ದರೆ ಅದು ಯಾರಿಗಾಗಿ ಹಾರಬೇಕು? ರಾಕೆಟ್ ಎದ್ದಿತು, ಚರ್ಚಿನ ಗೋಪುರದಷ್ಟು ಎತ್ತರಕ್ಕೆ ಹೋಗಿ ಏನನ್ನೋ ಮರೆತವರಂತೆ ನಿಂತಿತು, ಹೊರಳಿ ಬಂದು ಫುಟ್ಬಾಲ್ ಮೈದಾನದ ಗೋಲುಕಂಬಗಳ ನಡುವೆ ಬಿತ್ತು. ಒಳ್ಳೆಯ ಗೋಲು. ಅವನು ಚಪ್ಪಾಳೆ ತಟ್ಟಿಬಿಟ್ಟ. ತಟ್ಟಿದ್ದೇ ತಡ, ಯಾರೋ ಕೇಳಿಸಿಕೊಂಡರು, ಹಾರಿಸುವಾಗ ಹೊರಗಿದ್ದವನನ್ನು ಕೆಲಸದಿಂದ ತೆಗೆಯುತ್ತಾರೆ ಎಂದು ಹೆದರಿ ಓಡಿ, ಹೆದ್ದಾರಿಯಲ್ಲಿ ಕುರಿ ತುಂಬಿದ ಲಾರಿ ಹತ್ತಿದ. ಕುರಿಗಳು ಅವನನ್ನು ಒಳಕ್ಕೆ ಬಿಟ್ಟುಕೊಂಡವು. ಮೂರು ವಾರದ ನಂತರ ಅಡಿಲೇಡಿನಲ್ಲಿ ಕರಿದ ಮೀನು ಸುತ್ತಿಕೊಟ್ಟ ಪತ್ರಿಕೆಯಲ್ಲಿ ತನ್ನ ಹೆಸರು ಎಣ್ಣೆಯಲ್ಲಿ ನೆನೆದು ಪಾರದರ್ಶಕವಾಗಿ ಕಂಡಿತು: ಗಣಿಯಲ್ಲಿ ಕಾಣೆಯಾದವನ ಹುಡುಕಾಟ ಕೈಬಿಟ್ಟರು. ನಾಳೆ ಫೋನು ಮಾಡೋಣ ಎಂದುಕೊಂಡು ಮೀನು ತಿಂದು ಮುಗಿಸಿದ.

"ಬಂತು ನೋಡು ನಿನ್ನ ಜೋಡಿ ಹಕ್ಕಿ," ಎಂದಳು ಗ್ವೆಂಡಾ.

ಊರು ಎಂದರೆ ಈಗ ಮೂರು ಮನೆ, ಒಂದು ಹೆಂಡದಂಗಡಿ, ಗೋಲುಕಂಬಗಳ ನಡುವೆ ಬಿದ್ದಲ್ಲೇ ಬೇಲಿ ಹಾಕಿಸಿಕೊಂಡ ರಾಕೆಟ್. ಗಣಿಯ ಹಳೆಯ ಕಚೇರಿಯೇ ವಸ್ತುಸಂಗ್ರಹಾಲಯ. ಒಳಗೆ ಅರವತ್ತೈದು ದಾಟಿದ, ಗಂಡಸಿನ ಬೂಟು ತೊಟ್ಟ ಹೆಂಗಸೊಬ್ಬಳು ಕ್ಯಾರೆಟ್ ತುರಿಯುತ್ತಿದ್ದಳು.

"ಬನ್ನಿ ಬನ್ನಿ. ನೊಣ ಹೊರಗೆ ಬಿಟ್ಟು ಬನ್ನಿ. ನಾನು ಮರ್ಲ್ ನ್ಯಾನ್‌ಕರ್ವಿಸ್. ಇಲ್ಲಿ ಕಾವಲುಗಾರ್ತಿ, ಮಾರ್ಗದರ್ಶಿ, ಕಸ ಗುಡಿಸೋಳು ಎಲ್ಲಾ ನಾನೇ. ನೀವು ಈ ವಾರದ ಮೊದಲನೇ ಗಿರಾಕಿಗಳು. ಕೊನೇವ್ರೂ ನೀವೇ ಅಂತಿಟ್ಕೊಳ್ಳಿ."

ನ್ಯಾನ್‌ಕರ್ವಿಸ್. ಪಾಳಿಯ ಮುಖ್ಯಸ್ಥ ಜ್ಯಾಕ್ ನ್ಯಾನ್‌ಕರ್ವಿಸನ ಮಗಳು. ಆಗ ಹದಿಮೂರರವಳು, ಹಲ್ಲಿಗೆ ತಂತಿ. ಕ್ಲೈವ್ ಗೋಡೆಯ ಕಡೆ ತಿರುಗಿದ. ಹಲಗೆ ಅಲ್ಲೇ ಇತ್ತು. 'ಮೇಲೆ' ಬದಿಯಲ್ಲಿ ಇನ್ನೂರ ಮೂವತ್ತು ಬಿಲ್ಲೆಗಳು ಕಂದಿ ಕಪ್ಪಾಗಿದ್ದವು. 'ಕೆಳಗೆ' ಬದಿಯಲ್ಲಿ ಒಂದೇ ಒಂದು, ದಿನವೂ ಯಾರೋ ಉಜ್ಜಿ ಉಜ್ಜಿ ನಂಬರು ಸವೆಯುವಷ್ಟು ಫಳಫಳ ಹೊಳೆಯುತ್ತಿತ್ತು. ಅವನು ಕೈ ಚಾಚಿದ. ಒಂದು ಸೆಕೆಂಡು, ಎರಡು—

"ಮುಟ್ಟಬಾರದು!" ಎಂದಳು ಮರ್ಲ್, ಮೆಲ್ಲಗೇ, ಚರ್ಚಿನಲ್ಲಿ ಹೇಳುವಂತೆ. "ಅದು ನಮ್ಮ ಹುಡುಗಂದು."

ಗ್ವೆಂಡಾ ಅಷ್ಟರಲ್ಲಿ ಫಲಕದ ಮುಂದೆ ನಿಂತು ಶುರುಮಾಡಿಯಾಗಿತ್ತು. "ವಿಲ್ಕರಾದ ವೀರ. ಇನ್ನೂರ ಹದಿನಾಲ್ಕನೇ ನಂಬರಿನ... ಅಯ್ಯೋ, ಕ್ಲೈವ್ ಟ್ರೆಜೋನಾ! ನೋಡು ಬಾ, ನಿನ್ನ ಹೆಸರಿನವನೇ! ನಿಮ್ಮ ಕಡೆಯವನೋ ಏನೋ. ಪಾಪ, ಎಷ್ಟು ಚೆನ್ನಾಗಿದ್ದಾನೆ ನೋಡೋಕೆ."

ಚಿತ್ರದಲ್ಲಿದ್ದವನು ಲ್ಯಾನ್ಸ್ ಪೆಂಗೆಲಿ. ಪಾಳಿಯ ತಂಡದ ಚೆಲುವ; ಕತ್ತಲೆಂದರೆ ಅಳುತ್ತಿದ್ದವನು. ಕ್ಲೈವನದೊಂದೂ ಚಿತ್ರ ಇಲ್ಲದ್ದರಿಂದ ಯಾರೋ ತಂಡದ ಪಟದಿಂದ ವೀರನಿಗೊಪ್ಪುವ ಮುಖ ಆರಿಸಿದ್ದಾರೆ. ಕ್ಲೈವ್ ಆ ಮುಖವನ್ನು ದಿಟ್ಟಿಸಿದ. ಸತ್ತದ್ದಕ್ಕೂ ತನ್ನ ಮುಖ ಸಾಲದಾಯಿತೇ!

"ಮುದುಕಿ ಮಿಸೆಸ್ ಟೊಂಕಿನ್ ಕನ್ನಡಕ ಕೆಳಗೆ ಬಿಟ್ಟು ಬಂದಿದ್ಲು," ಎಂದಳು ಮರ್ಲ್, ಕ್ಯಾರೆಟ್ ಕೆಳಗಿಟ್ಟು. "ಎಲ್ರೂ ಹತ್ತಿ ಬರ್ತಿದ್ರೆ ಇವನು ಅದನ್ನ ತರೋಕೆ ವಾಪಸ್ ಇಳಿದ ಅಂತಾರೆ. ಅಂಥ ಹುಡುಗ. ನನಗೆ ಒಂದು ಸಲ ಸೈಕಲ್ ಚೈನು ಹಾಕ್ಕೊಟ್ಟಿದ್ದ."

ಚೈನು ಕಳಚಿದ್ದೇ ಅವನು. ನಗಿಸಲು.

"ನಮ್ಮಪ್ಪ ಹನ್ನೊಂದು ದಿನ ಹುಡುಕಿದ್ರು. ಊಟ ಕೆಳಕ್ಕೇ ಕಳಿಸ್ತಿದ್ವಿ. ಆಮೇಲೆ ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ಗಣಿ ಬಾಯಲ್ಲಿ ನಿಂತು ಕೂಗೋರು. ಕಟ್ಟಳೆ ಅದು. ಕೆಳಗಡೆ ಬದೀಲಿ ಬಿಲ್ಲೆ ಇರೋವರೆಗೂ ವಾರಕ್ಕೊಂದ್ಸಲ ಮೂರು ಬಾರಿ ಕರೀಬೇಕು, ಬಂದ ಉತ್ತರ ಬರ್ಕೋಬೇಕು. ಅಪ್ಪ ಹೋದ ಮೇಲೆ ನಾನು."

"ಉತ್ತರ ಏನಾದ್ರೂ...?" ಎಂದ ಕ್ಲೈವ್. ಒಳಗೆ ಬಂದ ಮೇಲೆ ಅವನ ಮೊದಲ ಮಾತು ಅದು.

"ಇನ್ನೂ ಇಲ್ಲ," ಎಂದಳು ಮರ್ಲ್. 'ಇನ್ನೂ' ಎಂದಳು. "ಅದೇ ನಮ್ಮ ಪುಣ್ಯ ಅನ್ನಿ. ನಗಬೇಡಿ. ಒಳಗೆ ಮನುಷ್ಯ ಇರೋ ಗಣೀನ ಮುಚ್ಚೋ ಹಾಗಿಲ್ಲ, ಗಾಳಿ ಫ್ಯಾನು ನಿಲ್ಲಿಸೋ ಹಾಗಿಲ್ಲ. ಫ್ಯಾನು ತಿರುಗಬೇಕು ಅಂದ್ರೆ ಕರೆಂಟ್ ಲೈನು ಬೇಕು. ಲೈನು ಇದ್ರೆ ನಮ್ಮ ಮೂರು ಮನೆ ಫ್ರಿಜ್ಜೂ ಓಡುತ್ತೆ. ಸೈನ್ಯದವರೂ ಅಷ್ಟೇ, ಹಲಗೆ ಪೂರ್ತಿ ಮೇಲಕ್ಕೆ ಬರೋವರೆಗೂ ಅಪಾಯ ಕಳೀತು ಅನ್ನೋ ಸೈರನ್ ಊದೋ ಹಾಗಿಲ್ಲ. ಕಾಗದದ ಪ್ರಕಾರ ನಾವಿನ್ನೂ ಆ ಗುರುವಾರದಲ್ಲೇ ಇದ್ದೀವಿ! ದೊಡ್ಡೂರಿಂದ ಟೈ ಕಟ್ಟಿದ ಹುಡುಗರು ವರ್ಷಕ್ಕೊಂದ್ಸಲ ಬರ್ತಾರೆ, ಹಲಗೆ ನೋಡ್ತಾರೆ, ಬೈಕೊಂಡು ಹೋಗ್ತಾರೆ. ಅವನು ಅಲ್ಲಿ ಕೂತ್ಕೊಂಡು ನಮ್ಮನ್ನ ಸಾಕ್ತಿದ್ದಾನೆ ಕಣಮ್ಮ."

"ಹುಟ್ಟಿದ್ದು ಮಾರ್ಚ್ ಒಂಬತ್ತು, ಸಾವಿರದ ಒಂಬೈನೂರ..." ಎಂದು ಓದುತ್ತಿದ್ದ ಗ್ವೆಂಡಾ ನಿಲ್ಲಿಸಿದಳು. ಈ ಪ್ರವಾಸದಲ್ಲಿ ಅವಳು ಅರ್ಧಕ್ಕೆ ಬಿಟ್ಟ ಮೊದಲ ಫಲಕ ಅದು. ಪ್ರತಿ ಮಾರ್ಚ್ ಒಂಬತ್ತಕ್ಕೆ ಒಂದರಂತೆ ಅವಳು ಗಂಡನಿಗೆ ನಲವತ್ತೆಂಟು ಕೇಕು ಬೇಯಿಸಿದ್ದಳು. ತಿರುಗಿ ಗಂಡನನ್ನು ನೋಡಿದಳು, ಚಿತ್ರದ ಲ್ಯಾನ್ಸನನ್ನು ನೋಡಿದಳು, ಮತ್ತೆ ಗಂಡನನ್ನು. "ನಮ್ಮೆಜಮಾನ್ರಿಗೆ ಸ್ವಲ್ಪ ಗಾಳಿ ಬೇಕು," ಎಂದು ಮರ್ಲ್‌ಗೆ ಹೇಳಿ, ಅವನ ತೋಳು ಹಿಡಿದು, ಶಾಲೆಯಿಂದ ತಪ್ಪಿಸಿಕೊಂಡ ಹುಡುಗನನ್ನು ಎಳೆದೊಯ್ಯುವಂತೆ ಹೊರಗೆ ಎಳೆದೊಯ್ದಳು.

ರಾಕೆಟ್ಟಿನ ನೆರಳಿನಲ್ಲಿ ಅವನು ಎಲ್ಲ ಹೇಳಿದ. ಹೇಳಲು ಮೂರು ನಿಮಿಷ ಸಾಕಾಯಿತು. ಐವತ್ತಮೂರು ವರ್ಷ ಹೊತ್ತದ್ದು ಮೂರು ನಿಮಿಷದ ಸರಕೇ ಎಂದು ಅವನಿಗೇ ನಾಚಿಕೆಯಾಗಿ, ಕುರಿಗಳ ವಿಷಯ ಇನ್ನೊಮ್ಮೆ ಹೇಳಿದ.

"ಅಂದ್ರೆ ನಲವತ್ತೆಂಟು ವರ್ಷದಿಂದ ನಾನು ಹೆಣದ ಶರ್ಟಿಗೆ ಇಸ್ತ್ರಿ ಹಾಕ್ತಾ ಇದ್ದೀನಿ."

"ಗ್ವೆಂಡಾ..."

"ಮಾತಾಡಬೇಡ. ಟ್ಯಾಕ್ಸಿನವರು ಪ್ರತಿ ವರ್ಷ ನಿನ್ನ ಪತ್ತೆ ಹಚ್ತಾರೆ. ಟೀವಿ ಮಾರೋರು ಊಟದ ಹೊತ್ತಿಗೆ ಸರಿಯಾಗಿ ಪತ್ತೆ ಹಚ್ತಾರೆ. ಇವರಿಗೊಂದು ಕಾಗದ ಬರೆಯೋಕೆ ಏನಾಗಿತ್ತು ನಿನಗೆ ದಾಡಿ?"

"ಬರೆಯೋಕೆ ಕೂತಿದ್ದೆ. ಏನಂತ ಬರೀಲಿ? ನಾನು ಸತ್ತಿಲ್ಲ, ಕ್ಷಮಿಸಿ ಅಂತಾನಾ? ಮೊದಲ್ನೇ ವರ್ಷ ಆಗಿದ್ರೆ ತಮಾಷೆ. ಹತ್ತನೇ ವರ್ಷಕ್ಕೆ ಅವಮಾನ. ಆಮೇಲೆ, ಅವಳ ಅಪ್ಪ ಹನ್ನೊಂದು ದಿನ..." ಅದೇ ಹೊತ್ತಿಗೆ ಒಂದು ನೊಣ ಅವನ ಬಾಯೊಳಗೆ ಹೋಗಿ ಕೆಮ್ಮು ಬಂದು, ದುಃಖ ಅಲ್ಲಿಗೆ ನಿಂತುಹೋಯಿತು.

ಗ್ವೆಂಡಾ ಅವನ ಬೆನ್ನು ತಟ್ಟಿದಳು, ಬೇಕಾದದ್ದಕ್ಕಿಂತ ಜೋರಾಗಿ. "ಈಗೇನು ಮಾಡ್ತೀಯ? ನಾನು ಅಂತ ಹೇಳಿದ್ರೆ ಆ ಹೆಂಗಸಿನ ಊರು ಮುಚ್ಚುತ್ತೆ. ಹೇಳ್ದೇ ಇದ್ರೆ ಅವಳು ಸಾಯೋವರೆಗೂ ಗುಂಡಿಗೆ ಕೂಗ್ತಾ ಇರ್ತಾಳೆ. ನನ್ನ ಕೇಳಬೇಡ. ಸತ್ತವರ ವಿಷಯಕ್ಕೆ ನಾನು ತಲೆ ಹಾಕಲ್ಲ."

ನಾಲ್ಕಕ್ಕೆ ಐದು ನಿಮಿಷವಿರುವಾಗ ಮರ್ಲ್ ಒಂದು ದಪ್ಪ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಬಂದಳು. ಕೂದಲು ಬಾಚಿದ್ದಳು, ತುಟಿಗೆ ಬಣ್ಣ ಹಚ್ಚಿದ್ದಳು. "ಶುಕ್ರವಾರದ ಕೂಗಿಗೆ ಸಾಕ್ಷಿ ಬೇಕು, ಬನ್ನಿ. ಸಾಮಾನ್ಯವಾಗಿ ಹೆಂಡದಂಗಡಿ ರಾಯ್ ಬರ್ತಾನೆ, ಇವತ್ತು ಮಂಡಿ ನೋವಂತೆ." ಗಣಿಯ ಬಾಯಿ ಕಚೇರಿಯ ಹಿಂದೆಯೇ, ಕಲ್ಲಿನ ಕಮಾನು, ಕಬ್ಬಿಣದ ಬಾಗಿಲು, ಒಳಗೆ ಇಳಿಜಾರಾಗಿ ಹೋಗುವ ಮರದ ಮೆಟ್ಟಿಲು. ಒಳಗಿನಿಂದ ಫ್ಯಾನಿನ ಗಾಳಿ ತಣ್ಣಗೆ, ಬಹಳ ಹೊತ್ತಿನಿಂದ ಮಲಗಿರುವವರ ಉಸಿರಿನಂತೆ, ಬರುತ್ತಿತ್ತು. ಮರ್ಲ್ ಅಂಗೈ ಬಾಯಿಗೆ ಒಡ್ಡಿದಳು.

"ಕ್ಲೈವ್ ಟ್ರೆಜೋನಾ! ಇನ್ನೂರ ಹದಿನಾಲ್ಕು! ಇದ್ದೀಯಾ?"

ಯಾರೂ ಅವನನ್ನು ಹಾಗೆ ಕರೆದಿರಲಿಲ್ಲ. ಅನಾಥಾಲಯದಲ್ಲಿ ಊಟಕ್ಕೆ ಕರೆಯುವಾಗ ಹೆಸರಿಗೆ ಬದಲು ಗಂಟೆ ಬಾರಿಸುತ್ತಿದ್ದರು. ಕೆಲಸದಲ್ಲಿ ಸೀಟಿ ಊದುತ್ತಿದ್ದರು. ಗ್ವೆಂಡಾ ಕರೆದರೆ ಅದರೊಳಗೆ ಕಸದ ಬುಟ್ಟಿಯೋ ಸೋರುವ ನಲ್ಲಿಯೋ ಇರುತ್ತಿತ್ತು. ಇವಳು ಕರೆದದ್ದರಲ್ಲಿ ಅವನಲ್ಲದೆ ಇನ್ನೇನೂ ಇರಲಿಲ್ಲ. ಬಾಯಿ ತಾನಾಗಿ ತೆರೆಯಿತು.

"ಇದ್ದೀನಿ," ಎಂದ.

ಗ್ವೆಂಡಾ ಕಣ್ಣು ಮುಚ್ಚಿಕೊಂಡಳು. ಮರ್ಲ್ ತಿರುಗಲಿಲ್ಲ. ಅವಳ ಕತ್ತು ಮಾತ್ರ ನಿಧಾನವಾಗಿ ಕೆಂಪಾಯಿತು.

"ಮೇಲಿಂದ ಬಂದ ಉತ್ತರ ಕಟ್ಟಳೆಗೆ ಬರಲ್ಲ," ಎಂದಳು, ಕತ್ತಲಿಗೇ ಹೇಳುವಂತೆ. "ಹಲಗೆ ಪ್ರಕಾರ ಅವನು ಕೆಳಗಿದ್ದಾನೆ. ಮೇಲೆ ನಿಂತು ಓಗೊಡೋನು ಯಾವನೇ ಆಗ್ಲಿ, ಅವನಲ್ಲ."

"ಹಾಗಾದ್ರೆ ಕೆಳಗೆ ಹೋಗ್ತೀನಿ."

"ನಿನ್ನ ಸೊಂಟ!" ಎಂದಳು ಗ್ವೆಂಡಾ.

ಮರ್ಲ್ ಗೂಟದಿಂದ ಟೋಪಿ, ದೀಪ ತೆಗೆದು ಅವನಿಗೆ ಕೊಟ್ಟಳು. ಮುಖ ನೋಡದೆ ಕೊಟ್ಟಳು. "ಇಳಿಯೋರು ಬಿಲ್ಲೆ ಹಾಕ್ಬೇಕು," ಎಂದು ಕಚೇರಿಯ ಕಿಟಕಿಯೊಳಗೆ ಹಲಗೆಯ ಕಡೆ ನೋಡಿದಳು. ಅಲ್ಲಿ ಆ ಒಂದು ಹೊಳಪು ಕಾಣುತ್ತಿತ್ತು. "ಹಾಕೇ ಇದ್ದೀಯಲ್ಲ. ಹೋಗು."

ಅವನು ಇಳಿದ. ಮಂಡಿ ಕಟಕಟ ಎನ್ನುತ್ತಿತ್ತು. ತಳದಲ್ಲಿ ಸಾಲು ಬೆಂಚುಗಳು ಇನ್ನೂ ಇದ್ದವು. ಊರು ರಾಕೆಟ್ಟಿನಿಂದ ಅಡಗಿ ಕೂರುತ್ತಿದ್ದ ಬೆಂಚುಗಳು. ಒಂದರ ಮೇಲೆ ಕೂತು ದೀಪ ಆರಿಸಿದ. ಎಷ್ಟು ಹಿತವಾಗಿತ್ತು! ನೊಣವಿಲ್ಲ, ಬಿಸಿಲಿಲ್ಲ, ಬೆರಳೆತ್ತಬೇಕಾದ ಎದುರು ಗಾಡಿಗಳಿಲ್ಲ. ಹಲಗೆ ಇಷ್ಟು ವರ್ಷ ಹೇಳುತ್ತ ಬಂದಿದ್ದ ಸುಳ್ಳು ಈಗ ನಿಜವಾಗಿತ್ತು: ಇನ್ನೂರ ಹದಿನಾಲ್ಕು ಕೆಳಗಿದ್ದಾನೆ. ಜೀವನದಲ್ಲಿ ಮೊದಲ ಸಲ ತಾನು ಎಲ್ಲಿರಬೇಕೆಂದು ಬರೆದಿದೆಯೋ ಅಲ್ಲೇ ಇದ್ದೇನೆ ಎನಿಸಿ, ಈ ನೆಮ್ಮದಿಯನ್ನು ಬಿಟ್ಟು ಅಡಿಲೇಡಿನಲ್ಲಿ ಮನೆ ಕಟ್ಟಿ ಸಾಲಗೀಲ ಮಾಡಿ ಬಾಳಿದ ಆ ಇನ್ನೊಬ್ಬ ಯಾರು ಎಂದು ಕನಿಕರವಾಯಿತು. ಇಲ್ಲೇ ಎಲ್ಲೋ ಜ್ಯಾಕ್ ನ್ಯಾನ್‌ಕರ್ವಿಸ್ ಹನ್ನೊಂದು ದಿನ ದೀಪ ಹಿಡಿದು ಇಲ್ಲದವನನ್ನು ಹುಡುಕಿದ. ಕ್ಷಮೆ ಕೇಳಬೇಕೆಂದು ಸುತ್ತ ನೋಡಿದ; ಕತ್ತಲು ಯಾವ ಕಡೆಗೂ ಮುಖ ಮಾಡಿಕೊಂಡಿರಲಿಲ್ಲ.

"ಕ್ಲೈವ್ ಟ್ರೆಜೋನಾ! ಇನ್ನೂರ ಹದಿನಾಲ್ಕು! ಇದ್ದೀಯಾ?" ಎರಡನೇ ಕರೆ.

ಈಗ ಓಗೊಟ್ಟರೆ ಸೈರನ್ ಊದುತ್ತದೆ. ಅಪಾಯ ಕಳೆಯುತ್ತದೆ. ಟೈ ಕಟ್ಟಿದ ಹುಡುಗರು ಬರುತ್ತಾರೆ, ಫ್ಯಾನು ನಿಲ್ಲುತ್ತದೆ, ಮೂರು ಫ್ರಿಜ್ಜುಗಳು ಕರಗುತ್ತವೆ. ತುಟಿಗೆ ಬಣ್ಣ ಹಚ್ಚಲು ಆ ಹೆಂಗಸಿಗೆ ಶುಕ್ರವಾರ ಇರುವುದಿಲ್ಲ. ಬಾಯಿ ಬಿಗಿಹಿಡಿದ. ಹತ್ತೊಂಬತ್ತರಲ್ಲಿ ಹೆದರಿ ಮಾಡಿದ್ದನ್ನೇ ಈಗ ಬೇಕೆಂದು ಮಾಡುತ್ತಿದ್ದ, ಮತ್ತು ಇದು ಎಷ್ಟೋ ಕಷ್ಟವಾಗಿತ್ತು. ಮೂರನೇ ಕರೆ ಬಂತು. ಅವನು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡ.

ಆಮೇಲೆ, ಕಟ್ಟಳೆಯಲ್ಲಿಲ್ಲದ ನಾಲ್ಕನೆಯದು ಬಂತು. ಅದರಲ್ಲಿ ನಂಬರಿರಲಿಲ್ಲ; ಕೂಗೂ ಆಗಿರಲಿಲ್ಲ. ಹದಿಮೂರು ವರ್ಷದ ಹುಡುಗಿಯೊಬ್ಬಳು ಬಾಗಿಲ ಸಂದಿಯಿಂದ ಒಳಗೆ ಇಣುಕಿ ಕೇಳಿದ ಹಾಗಿತ್ತು.

"ಕ್ಲೈವ್?"

"ಇದ್ದೀನಿ ಕಣೇ," ಎಂದ ಅವನು, ಕೈಯ ಸಂದಿಯಿಂದ.

ಪುಸ್ತಕದ ಹಾಳೆ ತಿರುವಿದ ಸದ್ದು ಮೆಟ್ಟಿಲುಗಳ ಮೇಲೆ ಉರುಳಿ ಬಂತು. ಮರ್ಲ್ ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು, ಒಂದೊಂದೇ ಅಕ್ಷರ, ಮೂಗು ಸೊರಗುಟ್ಟಿಸುತ್ತ: "ಮೂರು ಸಲ ಕರೆಯಲಾಯಿತು. ಉತ್ತರ ಬರಲಿಲ್ಲ." ಆಮೇಲೆ, "ಇಲ್ಲಿ ಸಹಿ ಹಾಕಮ್ಮ." ಆಮೇಲೆ ಗ್ವೆಂಡಾಳ ದನಿ: "ಪೂರ್ತಿ ಹೆಸರು ಬರೀಲಾ?" "ಬರಿ. ಇಪ್ಪತ್ತು ವರ್ಷದಿಂದ ಇದನ್ನ ಯಾರೂ ಓದಿಲ್ಲ." ಪೆನ್ನು ಬಹಳ ಹೊತ್ತು ಓಡಿತು. ಟ್ರೆಜೋನಾ ಉದ್ದದ ಹೆಸರು.

"ಹುಷಾರಾಗಿ ಹತ್ತು!" ಮರ್ಲ್ ಕೆಳಗೆ ಬಾಗಿ ಕೂಗಿದಳು. "ಹನ್ನೊಂದನೇ ಮೆಟ್ಟಿಲು ಅಲ್ಲಾಡುತ್ತೆ. ಅಪ್ಪ ಕಾಲು ಮುರ್ಕೊಂಡಿದ್ದು ಅದರ ಮೇಲೇನೇ."

ಹನ್ನೊಂದು ಎಂದರೆ ಮೇಲಿನಿಂದಲೋ ಕೆಳಗಿನಿಂದಲೋ ಎಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ಗೋಡೆ ಹಿಡಿದುಕೊಂಡು, ಪ್ರತಿ ಮೆಟ್ಟಿಲೂ ಅದೇ ಎಂದುಕೊಂಡು, ಒಂದೊಂದಾಗಿ ಕಾಲಿಡುತ್ತ ಹತ್ತತೊಡಗಿದ.